ಅರ್ಧ ಲೀಟರ್ ಹಾಲು ಮತ್ತು ಸೆಂಟರ್ ಕೋರ್ಟ್

ಡಬಲ್ಸ್ ಟೆನಿಸ್‌ನಲ್ಲಿ ಅತ್ಯಂತ ಅಪಾಯಕಾರಿ ಚೆಂಡು ಯಾವುದು ಎಂದು ಕೇಳಿದರೆ, ಇಬ್ಬರ ನಡುವೆ ಬಂದು ಬೀಳುವ ಸಪ್ಪೆ ಚೆಂಡು ಎನ್ನುತ್ತೇನೆ. ವೇಗವಿಲ್ಲ, ತಿರುವಿಲ್ಲ, ಯಾರು ಬೇಕಾದರೂ ಹೊಡೆದಾರು. ಆದರೆ ಇವಳು ಹೊಡೆಯುತ್ತಾಳೆ ಎಂದು ಅವಳು, ಅವಳು ಹೊಡೆಯುತ್ತಾಳೆ ಎಂದು ಇವಳು ನಿಂತಿರುವಾಗ ಅದು ನಡುವೆ ನುಸುಳಿ ಹೋಗಿಬಿಡುತ್ತದೆ. ಇದನ್ನು ನಾನು ಕಲಿತದ್ದು ಅಂಗಳದಲ್ಲಲ್ಲ, ಅಡುಗೆಮನೆಯಲ್ಲಿ.

2015ರ ಜುಲೈ 11, ಶನಿವಾರ ರಾತ್ರಿ. ವಿಂಬಲ್ಡನ್‌ನಲ್ಲಿ ಮಹಿಳೆಯರ ಡಬಲ್ಸ್ ಫೈನಲ್. ಒಂದು ಕಡೆ ನಮ್ಮ ಸಾನಿಯಾ ಮಿರ್ಜಾ ಮತ್ತು ಸ್ವಿಟ್ಜರ್ಲೆಂಡಿನ ಮಾರ್ಟಿನಾ ಹಿಂಗಿಸ್, ಇನ್ನೊಂದು ಕಡೆ ರಷ್ಯಾದ ಮಕರೋವಾ ಮತ್ತು ವೆಸ್ನಿನಾ. ಡಬಲ್ಸ್ ಎಂದರೆ ಎಲೆಯ ತುದಿಗೆ ಬಡಿಸುವ ಕೋಸಂಬರಿ ಇದ್ದಂತೆ. ಅದಕ್ಕೆಂದೇ ಯಾರೂ ಊಟಕ್ಕೆ ಬರುವುದಿಲ್ಲ. ಅಂದು ಸಿಂಗಲ್ಸ್ ಫೈನಲ್‌ನಲ್ಲಿ ಸೆರೆನಾ ವಿಲಿಯಮ್ಸ್ ಗೆದ್ದು, ಪುರುಷರ ಡಬಲ್ಸ್ ಮುಗಿದು, ಇವರ ಸರದಿ ಬರುವ ಹೊತ್ತಿಗೆ ನಮ್ಮಲ್ಲಿ ಊರಿಗೆ ಊರೇ ಮಲಗಿತ್ತು. ನಮ್ಮ ಮನೆಯಲ್ಲಿ ಮಾತ್ರ ಮೂವರು ಎಚ್ಚರವಾಗಿದ್ದೆವು: ನಾನು, ನನ್ನ ಗಂಡ, ಮತ್ತು ಆಟದ ನಿಯಮ ಒಂದೂ ತಿಳಿಯದಿದ್ದರೂ ತೀರ್ಪು ಕೊಡಲು ಹಿಂಜರಿಯದ ನನ್ನ ಅತ್ತೆ.

ಮೊದಲ ಸೆಟ್ 5-7ರಲ್ಲಿ ಹೋಯಿತು. ಎರಡನೆಯದು ಟೈಬ್ರೇಕರ್‌ನಲ್ಲಿ ಹೇಗೋ ದಕ್ಕಿತು. ಮೂರನೆಯದರಲ್ಲಿ 2-5 ಆದಾಗ ಗಂಡ ರಿಮೋಟ್ ಹುಡುಕಲು ಶುರುಮಾಡಿದರು. ನಾನು ಮಜ್ಜಿಗೆ ಕುಡಿದಿಟ್ಟ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದೆ. ನಾನು ಹೋದದ್ದೇ ತಡ, 3-5. ಲೋಟ ತೊಳೆಯುವಷ್ಟರಲ್ಲಿ 4-5. ಒದ್ದೆ ಕೈಯಲ್ಲೇ ಓಡಿ ಬಂದವಳನ್ನು ಅತ್ತೆ ಹೊಸ್ತಿಲಲ್ಲೇ ತಡೆದರು. "ನೀನು ಅಲ್ಲೇ ಇರಮ್ಮ. ನೀನು ಎದ್ದು ಹೋದ ಮೇಲೆಯೇ ಆ ಹುಡುಗಿಯರಿಗೆ ಕಳೆ ಬಂದದ್ದು."

ಹೀಗೆ ನನಗೆ ಗಡೀಪಾರಾಯಿತು. ಹೊಸ್ತಿಲಿನಿಂದ ಟಿವಿಯ ಬಲ ಅರ್ಧ ಮಾತ್ರ ಕಾಣುತ್ತಿತ್ತು. ಸಾನಿಯಾ ಬಲಬದಿಯ ಆಟಗಾರ್ತಿ, ಹಿಂಗಿಸ್ ಎಡಬದಿಯವಳು. ಹಾಗಾಗಿ ಆ ತಂಡ ನಮ್ಮ ಕಡೆಯ ಅಂಕಣದಲ್ಲಿದ್ದಾಗಲೆಲ್ಲ ನಾನು ನೋಡಿದ್ದು ಹೆಚ್ಚುಕಡಿಮೆ ಸಿಂಗಲ್ಸ್.

5-5 ಆದಾಗ ಅಲ್ಲಿ ಕತ್ತಲಾಗಿ ಆಟ ನಿಂತಿತು. ವಿಂಬಲ್ಡನ್ನಿನ ಮುಖ್ಯ ಅಂಕಣವಾದ ಸೆಂಟರ್ ಕೋರ್ಟ್‌ನ ಛಾವಣಿ ಮುಚ್ಚಿ ದೀಪ ಹಾಕಬೇಕಿತ್ತು. ನಮ್ಮಲ್ಲಿ ಕತ್ತಲಾದರೆ ಆಟವೂ ನಿಲ್ಲುತ್ತದೆ, ಟಿವಿಯೂ ನಿಲ್ಲುತ್ತದೆ. ಅದು ಬೇರೆ ಮಾತು. ಬಿಡುವು ಸಿಕ್ಕಿತಲ್ಲ, ಬೆಳಗಿನ ಮೊಸರಿಗೆ ಹೆಪ್ಪು ಹಾಕಿಲ್ಲ ಎಂದು ಆಗ ನೆನಪಾಯಿತು. ಫ್ರಿಜ್‌ನಿಂದ ಅರ್ಧ ಲೀಟರ್ ಪ್ಯಾಕೆಟ್ ತೆಗೆದು ಪಾತ್ರೆಗೆ ಸುರಿದು ಸಣ್ಣ ಉರಿಯಲ್ಲಿಟ್ಟೆ. ಗಂಡ ನೀರು ಕುಡಿಯಲು ಒಳಗೆ ಬಂದರು, ಪಾತ್ರೆಯೊಳಗೆ ಇಣುಕಿದರು, "ಇನ್ನೂ ಕಾದಿಲ್ಲ" ಎಂದರು, ಹೋದರು. ಅವರು ನೋಡಿದ್ದಾರಲ್ಲ, ಇನ್ನು ಅವರೇ ಆರಿಸುತ್ತಾರೆ ಎಂದುಕೊಂಡೆ ನಾನು. ಒಲೆಗೆ ಮೂರು ಮಾರು ದೂರದಲ್ಲಿ ಇವಳೇ ನಿಂತಿದ್ದಾಳಲ್ಲ ಎಂದುಕೊಂಡರು ಅವರು.

ಆಟ ಮತ್ತೆ ಶುರುವಾಯಿತು. ಹಾಲ್‌ನಲ್ಲಿ ಕುಳಿತವರಿಗೆ ಹಾಲಿನ ನೆನಪಿರಲಿಲ್ಲ. ಹೊಸ್ತಿಲಲ್ಲಿ ನಿಂತವಳ ಬೆನ್ನಿಗೆ ಕಣ್ಣಿರಲಿಲ್ಲ. 6-5. ಆಮೇಲೆ 7-5! ಸತತ ಐದು ಗೇಮ್! ಸಾನಿಯಾ ಮತ್ತು ಹಿಂಗಿಸ್ ತಬ್ಬಿಕೊಂಡರು, ಗಂಡ ಸೋಫಾದ ಮೇಲೆ ಎದ್ದು ನಿಂತರು, ಸೆಂಟರ್ ಕೋರ್ಟ್ ಚಪ್ಪಾಳೆಯಲ್ಲಿ ಮುಳುಗಿತು. ಆ ಚಪ್ಪಾಳೆಯ ನಡುವೆ ನನ್ನ ಹಿಂದಿನಿಂದ ಚುರ್ ಎಂದು ಇನ್ನೊಂದು ಸದ್ದು ಬಂತು.

ತಿರುಗಿ ನೋಡುವಾಗ ಹಾಲು ಪಾತ್ರೆಯ ನಾಲ್ಕೂ ಕಡೆಯಿಂದ ಇಳಿದು, ಬರ್ನರ್ ನಂದಿಸಿ, ಒಲೆಯ ಕೆಳಗೆ ಹರಿದು, ಕಟ್ಟೆಯ ಅಂಚಿನಿಂದ ಈರುಳ್ಳಿ ಬುಟ್ಟಿಗೆ ತೊಟ್ಟಿಕ್ಕುತ್ತಿತ್ತು. ಗ್ಯಾಸ್ ತಿರುಗಿಸಿ, ಕಿಟಕಿ ತೆರೆದೆ. ಸೀದ ವಾಸನೆ ಅದಕ್ಕೂ ಮೊದಲೇ ಹಾಲ್ ತಲುಪಿತ್ತು.

"ಹಾಲು ಉಕ್ಕುವುದು ಶುಭ" ಎಂದು ಅತ್ತೆ ಕುಳಿತಲ್ಲಿಂದಲೇ ಘೋಷಿಸಿದರು. ಎದ್ದು ಬಂದು ಕಟ್ಟೆ ನೋಡಿದ ಮೇಲೆ ಆ ತೀರ್ಪನ್ನು ಹಿಂದಕ್ಕೆ ಪಡೆದರು.

"ಇಟ್ಟವಳು ನೀನು" ಎಂದರು ಗಂಡ.

"ಕೊನೆಗೆ ನೋಡಿದವರು ನೀವು" ಎಂದೆ.

ಡಬಲ್ಸ್ ಆಡುವವರು ಅಂಕ ಕಳೆದುಕೊಂಡಾಗಲೂ ಕೈಗೆ ಕೈ ತಟ್ಟಿ ಮುಂದಿನದಕ್ಕೆ ಸಜ್ಜಾಗುತ್ತಾರೆ. ಸರ್ವ್‌ಗೆ ಮೊದಲು ನೆಟ್ ಬಳಿ ನಿಂತವಳು ಬೆನ್ನ ಹಿಂದೆ ಬೆರಳು ಮಡಚಿ ಸಂಜ್ಞೆ ಮಾಡುತ್ತಾಳೆ. ಸಂಜ್ಞೆ ನಮ್ಮಲ್ಲೂ ಇದೆ. ಬಂದ ನೆಂಟರಿಗೆ ಎರಡನೇ ಸಲ ಕಾಫಿ ಬೇಡ ಎಂದು ನಾನು ಹುಬ್ಬೇರಿಸುತ್ತೇನೆ, ಇವರು ಅದನ್ನು ಬೇಕು ಎಂದು ಓದಿಕೊಳ್ಳುತ್ತಾರೆ. ಸಾನಿಯಾ ಮತ್ತು ಹಿಂಗಿಸ್ ಜೊತೆಯಾಗಿ ಆಗಿನ್ನೂ ನಾಲ್ಕು ತಿಂಗಳು. ನಮಗೆ ಹದಿನಾಲ್ಕು ವರ್ಷ. ಭಾರತದ ಹೆಣ್ಣುಮಗಳೊಬ್ಬಳು ಮಹಿಳೆಯರ ಡಬಲ್ಸ್‌ನಲ್ಲಿ ಗ್ರ್ಯಾಂಡ್‌ಸ್ಲಾಮ್ ಗೆದ್ದದ್ದು ಅದೇ ಮೊದಲು. ಆ ಟ್ರೋಫಿಯನ್ನು ಅವಳು ಎತ್ತಿ ಹಿಡಿಯುವಾಗ ನಾನು ಹಳೆಯ ಲುಂಗಿಯ ಚೂರಿನಲ್ಲಿ ಈರುಳ್ಳಿ ಒರೆಸುತ್ತಿದ್ದೆ.

ಮಾರನೆಯ ದಿನ ಮೊಸರಿಲ್ಲದ ಊಟವಾಯಿತು. ರಾತ್ರಿ ಮಿಶ್ರ ಡಬಲ್ಸ್ ಫೈನಲ್. ಹಿಂಗಿಸ್ ಈ ಸಲ ಲಿಯಾಂಡರ್ ಪೇಸ್ ಜೊತೆ. 6-1, 6-1. ಗಡೀಪಾರಿಗೂ ಸಮಯ ಸಿಗಲಿಲ್ಲ. ನಡುವೆ ಎಲ್ಲೋ ನನಗೂ ಗಂಡನಿಗೂ ಒಟ್ಟಿಗೇ ಹಾಲಿನ ನೆನಪಾಯಿತು. ಇಬ್ಬರೂ ಎದ್ದು ಓಡಿದೆವು, ಅಡುಗೆಮನೆಯ ಬಾಗಿಲಲ್ಲಿ ಹಣೆಗೆ ಹಣೆ ಡಿಕ್ಕಿ ಹೊಡೆದೆವು. ಒಲೆಯ ಮೇಲೆ ಪಾತ್ರೆಯೇ ಇರಲಿಲ್ಲ. ಅತ್ತೆ ಸಂಜೆಯೇ ಹಾಲು ಕಾಯಿಸಿ, ಹೆಪ್ಪು ಹಾಕಿ, ಮುಚ್ಚಿಟ್ಟಿದ್ದರು.