ಸೊಳ್ಳೆ ಔಷಧಿಗೆ ಬಗ್ಗದಿದ್ದರೂ ಔಷಧಿ ಹೊಡೆಯುತ್ತಲೇ ಇರಬೇಕೇ?

ಪರ: ನಿಲ್ಲಿಸಿ ನೋಡಿಯಾಗಿದೆ

1963ರಲ್ಲಿ ಶ್ರೀಲಂಕಾದಲ್ಲಿ ಇಡೀ ವರ್ಷಕ್ಕೆ ಸಿಕ್ಕ ಮಲೇರಿಯಾ ರೋಗಿಗಳು 17 ಮಂದಿ. ಇನ್ನೇನು ಮುಗಿಯಿತು ಅಂದುಕೊಂಡು ಮನೆ ಗೋಡೆಗಳಿಗೆ ಡಿಡಿಟಿ ಹೊಡೆಯುವುದನ್ನು ಕೈಬಿಟ್ಟರು. 1969ರ ಹೊತ್ತಿಗೆ ಲೆಕ್ಕ 5 ಲಕ್ಷ ದಾಟಿತ್ತು. ಔಷಧಿ ನಿಲ್ಲಿಸಿ ಅನ್ನುವವರು ಮೊದಲು ಈ ಎರಡು ಅಂಕಿಗಳಿಗೆ ಉತ್ತರ ಹೇಳಲಿ.

ಸೊಳ್ಳೆ ಔಷಧಿಗೆ ಒಗ್ಗಿಕೊಂಡಿದೆ ಅಂತ ತೀರ್ಮಾನಿಸುವುದು ಹೇಗೆ? ಔಷಧಿ ಸವರಿದ ಕಾಗದ ಸುತ್ತಿದ ಕೊಳವೆಯೊಳಗೆ ಇಪ್ಪತ್ತು ಇಪ್ಪತ್ತೈದು ಹೆಣ್ಣು ಸೊಳ್ಳೆಗಳನ್ನು ಬಿಡುತ್ತಾರೆ. ಒಂದು ಗಂಟೆ ಕಳೆದ ಮೇಲೆ ಬೇರೆ ಕೊಳವೆಗೆ ದಾಟಿಸಿ, 24 ಗಂಟೆಯ ನಂತರ ಸತ್ತವನ್ನು ಎಣಿಸುತ್ತಾರೆ. ನೂರಕ್ಕೆ 90ಕ್ಕಿಂತ ಕಡಿಮೆ ಸತ್ತರೆ 'ನಿರೋಧಕ' ಅನ್ನುವ ಹಣೆಪಟ್ಟಿ. ಅಂದರೆ 85 ಸತ್ತರೂ ಅದೇ ಹಣೆಪಟ್ಟಿ! ಆ 85 ಲೆಕ್ಕಕ್ಕೇ ಇಲ್ವಾ?

ಇನ್ನೊಂದು ವಿಷಯ. ಪರೀಕ್ಷೆಗೆ ತೆಗೆದುಕೊಳ್ಳುವುದು ಮೂರರಿಂದ ಐದು ದಿನದ ಎಳೆ ಸೊಳ್ಳೆಗಳನ್ನು. ಆ ವಯಸ್ಸಿನ ಸೊಳ್ಳೆ ಮಲೇರಿಯಾ ಅಂಟಿಸಲಾರದು. ರೋಗಾಣು ಅದರ ಹೊಟ್ಟೆಯಲ್ಲಿ ಬೆಳೆದು ಜೊಲ್ಲಿನ ಗ್ರಂಥಿಗೆ ಬರಲು ಹತ್ತು ದಿನದ ಆಸುಪಾಸು ಬೇಕು. ಅಷ್ಟರಲ್ಲಿ ಸೊಳ್ಳೆಗೆ ವಯಸ್ಸಾಗಿರುತ್ತದೆ. ವಯಸ್ಸಾದಂತೆ ವಿಷ ತಡೆಯುವ ತಾಕತ್ತೂ ಕುಗ್ಗುವುದು ಪ್ರಯೋಗಗಳಲ್ಲಿ ಕಂಡಿದೆ. ಅಂದಮೇಲೆ ನಿಜವಾಗಿ ಅಪಾಯಕಾರಿಯಾದ ಮುದಿ ಸೊಳ್ಳೆಗೆ ಔಷಧಿ ಇನ್ನೂ ನಾಟುತ್ತದೆ.

ಔಷಧಿಯೂ ಇದ್ದಲ್ಲೇ ನಿಂತಿಲ್ಲ. ಹಳೆಯ ಪೈರೆಥ್ರಾಯ್ಡ್ ಗುಂಪಿನ ಔಷಧಿಯ ಜೊತೆ ಇನ್ನೊಂದು ಬಗೆಯ ಔಷಧಿಯಾದ ಕ್ಲೋರ್‌ಫೆನಾಪಿರ್ ಸೇರಿಸಿದ ಸೊಳ್ಳೆಪರದೆಗಳನ್ನು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಶಿಫಾರಸು ಮಾಡಿತು. ಒಂದು ನರಕ್ಕೆ ಹೊಡೆಯುತ್ತದೆ, ಇನ್ನೊಂದು ಜೀವಕೋಶಕ್ಕೆ ಶಕ್ತಿ ಸಿಗದಂತೆ ಮಾಡುತ್ತದೆ. ಎರಡರಿಂದಲೂ ಒಟ್ಟಿಗೆ ತಪ್ಪಿಸಿಕೊಳ್ಳುವುದು ಸೊಳ್ಳೆಗೆ ಸುಲಭವಲ್ಲ.

ವಿರೋಧ: ಉಳಿದ 15 ಏನು ಮಾಡುತ್ತವೆ?

ಅವರು ಸತ್ತ 85 ಎಣಿಸುತ್ತಾರೆ. ನನ್ನ ಕಣ್ಣು ಉಳಿದ 15ರ ಮೇಲೆ. ಒಂದು ಹೆಣ್ಣು ಸೊಳ್ಳೆ ಒಂದು ಸಲಕ್ಕೆ ನೂರರ ಹತ್ತಿರ ಮೊಟ್ಟೆ ಇಡುತ್ತದೆ. ಮುಂದಿನ ಪೀಳಿಗೆ ಹುಟ್ಟುವುದು ಆ ಗಟ್ಟಿಗಿತ್ತಿಯರಿಂದಲೇ. ಮುದಿ ಸೊಳ್ಳೆ ಸತ್ತರೆ ಸಂತೋಷ, ಆದರೆ ಅಷ್ಟರಲ್ಲಿ ಅದು ಮೊಟ್ಟೆ ಇಟ್ಟು ಮುಗಿಸಿರುತ್ತದೆ.

ಶ್ರೀಲಂಕಾದ ಕಥೆಯನ್ನು ಅರ್ಧಕ್ಕೇ ನಿಲ್ಲಿಸಿದರು. ಮತ್ತೆ ಡಿಡಿಟಿ ಹಿಡಿದಾಗ ಅದು ಹಿಂದಿನಂತೆ ಕೆಲಸ ಮಾಡಲಿಲ್ಲ. 1970ರ ದಶಕದಲ್ಲಿ ಬೇರೆ ಗುಂಪಿನ ಔಷಧಿಯಾದ ಮ್ಯಾಲಥಿಯಾನ್‌ಗೆ ಹೋಗಬೇಕಾಯಿತು. ಡಿಡಿಟಿ, ಪೈರೆಥ್ರಾಯ್ಡ್ ಎರಡೂ ಕೂರುವುದು ನರದ ಒಂದೇ ಬಾಗಿಲಲ್ಲಿ, ಸೋಡಿಯಂ ಚಾನೆಲ್‌ನಲ್ಲಿ. ಆ ಬಾಗಿಲು ಸ್ವಲ್ಪ ಬದಲಾದರೆ ಎರಡೂ ಒಟ್ಟಿಗೆ ಮೊಂಡಾಗುತ್ತವೆ. ಸೊಳ್ಳೆ ಬತ್ತಿಯಲ್ಲೂ ಹೊಲಕ್ಕೆ ಹೊಡೆಯುವ ಎಷ್ಟೋ ಔಷಧಿಗಳಲ್ಲೂ ಇರುವುದು ಇದೇ ಪೈರೆಥ್ರಾಯ್ಡ್ ಗುಂಪು. ಸೊಳ್ಳೆಗೆ ದಿನವೂ ತಾಲೀಮು ಕೊಟ್ಟಂತಾಯಿತು.

ಪರದೆಯ ಬಗ್ಗೆ ನನ್ನ ತಕರಾರಿಲ್ಲ. ಹರಿಯದಿದ್ದರೆ ಔಷಧಿ ಸತ್ತರೂ ಬಟ್ಟೆ ತಡೆಯುತ್ತದೆ. ಸಿಟ್ಟು ಬರುವುದು ಫಾಗಿಂಗ್ ನೋಡಿದಾಗ. ಡೆಂಗಿ ಸೊಳ್ಳೆ ಮಂಚದ ಕೆಳಗೆ, ನೇತುಹಾಕಿದ ಬಟ್ಟೆಯ ಹಿಂದೆ ಕೂತಿರುತ್ತದೆ. ಹೊಗೆ ಬೀದಿಯಲ್ಲಿ ಸಾಗಿ ಹೋಗುತ್ತದೆ. ಗದ್ದಲ ಜಾಸ್ತಿ, ಕೆಲಸ ಕಡಿಮೆ. ಏನೋ ಮಾಡಿದರಲ್ಲ ಅನ್ನುವ ಸಮಾಧಾನ ಅಷ್ಟೇ.

ಅದೇ ಹೊತ್ತಿಗೆ ಹೂಕುಂಡದ ತಟ್ಟೆಗೆ ಟಾರ್ಚ್ ಬಿಟ್ಟು ನೋಡಿ. ಮರಿಹುಳುಗಳು ತಲೆಕೆಳಗಾಗಿ ನೇತಾಡುತ್ತಿರುತ್ತವೆ. ನೆರಳು ಬಿದ್ದರೆ ಸಾಕು, ಬಳುಕುತ್ತಾ ತಳಕ್ಕಿಳಿಯುತ್ತವೆ. ಹೊಗೆಗೆ ಇವು ಸಾಯುವುದಿಲ್ಲ. ವಾರದೊಳಗೆ ರೆಕ್ಕೆ ಬಂದು ಹಾರುತ್ತವೆ. ನೀರು ಚೆಲ್ಲಿದರೂ ಸಾಲದು, ಅಂಚಿಗೆ ಅಂಟಿದ ಮೊಟ್ಟೆಗಳು ಒಣಗಿ ತಿಂಗಳುಗಟ್ಟಲೆ ಕಾಯುತ್ತವೆ. ಬ್ರಷ್ ಹಾಕಿ ಉಜ್ಜಬೇಕು. ಈ ಕೆಲಸದಲ್ಲಿ ಫೋಟೋ ತೆಗೆಸಿಕೊಳ್ಳುವಂಥದ್ದು ಏನೂ ಇಲ್ಲ, ಅದಕ್ಕೇ ಯಾರಿಗೂ ಬೇಡ.

ಔಷಧಿಯಿಲ್ಲದ ಇನ್ನೊಂದು ದಾರಿಯೂ ಇದೆ. ವೋಲ್ಬಾಕಿಯಾ ಬ್ಯಾಕ್ಟೀರಿಯಾ ಸೇರಿಸಿದ ಸೊಳ್ಳೆಗಳು ಡೆಂಗಿಯನ್ನು ಸರಿಯಾಗಿ ಹರಡಲಾರವು. ಇಂಡೋನೇಷ್ಯಾದ ಯೋಗ್ಯಕರ್ತದಲ್ಲಿ ಇವನ್ನು ಬಿಟ್ಟ ಕಡೆ ಡೆಂಗಿ ಶೇ. 77ರಷ್ಟು ಇಳಿಯಿತು. ಆದರೆ ಬ್ರೆಜಿಲ್‌ನ ರಿಯೊ ಡಿ ಜನೈರೊದಲ್ಲಿ ಮೊದಲ ಸಲ ಬಿಟ್ಟಾಗ ಇವು ನೆಲೆಯೂರಲೇ ಇಲ್ಲ. ಕಾರಣ ಕೇಳಿದರೆ ನಗು ಬರುತ್ತದೆ. ಅಲ್ಲಿನ ಊರ ಸೊಳ್ಳೆಗಳು ಪೈರೆಥ್ರಾಯ್ಡ್‌ಗೆ ಆಗಲೇ ಪಳಗಿದ್ದವು, ಬಿಟ್ಟ ಒಳ್ಳೆಯ ಸೊಳ್ಳೆಗಳು ಪಳಗಿರಲಿಲ್ಲ. ಕೊನೆಗೆ ಇವನ್ನು ಊರ ಸೊಳ್ಳೆಗಳ ಜೊತೆ ಕೂಡಿಸಿ, ಔಷಧಿಗೆ ಸಾಯದ ತಳಿ ಮಾಡಿ ಮತ್ತೆ ಬಿಡಬೇಕಾಯಿತು.