23 ನಿಮಿಷವಂತೆ, ಮಣ್ಣಂಗಟ್ಟಿ!

ಮಂಗಳೂರು ಏರ್‌ಪೋರ್ಟಿನಿಂದ ಬೆಂಗಳೂರು ಏರ್‌ಪೋರ್ಟಿಗೆ ಎಷ್ಟು ದೂರ ಅಂತ ದೂರ ಹೇಳುವ ವೆಬ್‌ಸೈಟಿನಲ್ಲಿ ಹುಡುಕಿದರೆ ಸುಮಾರು 306 ಕಿಲೋಮೀಟರ್ ಅಂತ ಬರುತ್ತದೆ. ಅದೇನೋ ಸರಿ. ಬಜ್ಪೆಯಿಂದ ದೇವನಹಳ್ಳಿಗೆ ನೂಲು ಹಿಡಿದು ಎಳೆದರೆ ಅಷ್ಟೇ ಉಂಟು. ಮೈ ಉರಿಯುವುದು ಅದರ ಕೆಳಗಿನ ಸಾಲಿಗೆ: ಪ್ರಯಾಣದ ಸಮಯ 23 ನಿಮಿಷ! 306ನ್ನು ಗಂಟೆಗೆ 800ರಿಂದ ಭಾಗಿಸಿ ಕೈ ತೊಳೆದುಕೊಂಡದ್ದು. ವಿಮಾನ ಎಂತ ಕವಣೆ ಕಲ್ಲಾ ಮಾರಾಯ್ರೇ, ಬಿಟ್ಟ ಕೂಡಲೇ 800ರಲ್ಲಿ ಹೋಗಲಿಕ್ಕೆ?

ಇಷ್ಟು ಸಣ್ಣ ದಾರಿಯಲ್ಲಿ ಜೆಟ್ ಮೇಲೇರಿ ಮುಗಿಯುವಷ್ಟರಲ್ಲಿ ಇಳಿಯಲಿಕ್ಕೆ ಶುರು ಮಾಡಬೇಕು. ಪೂರ್ತಿ ವೇಗ ಸಿಗುವುದು ನಡುವಿನ ಕೆಲವೇ ನಿಮಿಷ. ಗಾಳಿ ನೋಡಿ ರನ್‌ವೇಯ ಯಾವ ತುದಿಯಿಂದ ಇಳಿಸುತ್ತಾರೋ ಆ ಕಡೆಗೆ ಸುತ್ತು ಬಳಸಿ ಬರಬೇಕು. ಬೆಂಗಳೂರಲ್ಲಿ ಇಳಿಯುವವರ ಸಾಲಿದ್ದರೆ ಆಕಾಶದಲ್ಲೇ ಗಿರಕಿ. ಎಟಿಆರ್ (ರೆಕ್ಕೆಯಲ್ಲಿ ಫ್ಯಾನ್ ತಿರುಗುವ ಸಣ್ಣ ವಿಮಾನ) ಆದರೆ ಅದರ ವೇಗವೇ 500ರ ಆಸುಪಾಸು. ಟಿಕೆಟಿನಲ್ಲಿ ಒಂದು ಗಂಟೆ ಹತ್ತು ನಿಮಿಷ ಅಂತ ಕಾಣುವುದು ಸುಮ್ಮನೆ ಅಲ್ಲ. ಇಲ್ಲಿ ಚಕ್ರದ ಅಡ್ಡೆ ತೆಗೆದಲ್ಲಿಂದ ಅಲ್ಲಿ ಪುನಃ ಅಡ್ಡೆ ಕೊಡುವವರೆಗಿನ ಲೆಕ್ಕ ಅದು. ನೋಡುವುದಾದರೆ ಅದನ್ನು ನೋಡಿ.

ಮಂಗಳೂರಿಂದ ದುಬೈ ಲೆಕ್ಕದ್ದು ಇನ್ನೊಂದು ರಗಳೆ. ಹಾರಾಟ ಮೂರೂವರೆ, ನಾಲ್ಕು ಗಂಟೆ. ಗಡಿಯಾರದ ವ್ಯತ್ಯಾಸ ಒಂದೂವರೆ ಗಂಟೆ. ಎರಡೂ ಊರಿನ ಸಮಯವನ್ನು ಹಾಗೇ ಕಳೆದರೆ ಹೋಗುವಾಗ ಎರಡೂಕಾಲು ಗಂಟೆ, ಬರುವಾಗ ಐದು ಗಂಟೆ! ರಾತ್ರಿ 11ಕ್ಕೆ ಅಲ್ಲಿ ಬಿಟ್ಟದ್ದು ಬಜ್ಪೆಗೆ ಮುಟ್ಟುವುದು ಮರುದಿನ ಬೆಳಗಿನ ಜಾವ ನಾಲ್ಕಕ್ಕೆ. ಟಿಕೆಟಿನ ತಾರೀಕು ಮಾತ್ರ ನೋಡಿ ಟ್ಯಾಕ್ಸಿ ಹೇಳಿದರೆ ಡ್ರೈವರು ಒಂದು ದಿನ ಮೊದಲೇ ಬಂದು ನಿಂತಿರುತ್ತಾನೆ.

ಇನ್ನು ಉಡುಪಿಯವರ ಪಾಡು. ಗೆರೆ ಎಳೆದರೆ ಬಜ್ಪೆಗೆ 45 ಕಿಲೋಮೀಟರ್, ರಸ್ತೆಯಲ್ಲಿ 60ರ ಹತ್ತಿರ. ಹೆಜಮಾಡಿ ಟೋಲು ದಾಟಿ, ಕೂಳೂರು ಸೇತುವೆಯಲ್ಲಿ ಸಿಕ್ಕಿಹಾಕಿಕೊಂಡು, ಕಾವೂರಿಗೆ ತಿರುಗಿ, ಮರವೂರಿನಲ್ಲಿ ಅದೇ ಫಲ್ಗುಣಿ ನದಿಯನ್ನು ಎರಡನೇ ಸಲ ದಾಟಬೇಕು. (ಮೂಲ್ಕಿಯಿಂದ ಕಿನ್ನಿಗೋಳಿ, ಕಟೀಲು ಮೇಲೆ ಹೋದರೆ ಕೂಳೂರು ತಪ್ಪುತ್ತದೆ, ತಿರುವು ತಪ್ಪುವುದಿಲ್ಲ.) ಒಂದೂಮುಕ್ಕಾಲು ಗಂಟೆ ಇಟ್ಟುಕೊಳ್ಳಿ. ಚೆಕ್‌ಇನ್ ಕೌಂಟರು ವಿಮಾನ ಬಿಡುವ ಒಂದು ಗಂಟೆ ಮೊದಲೇ ಬಂದ್, ಹಾಗಾಗಿ ಅಲ್ಲಿ ಇನ್ನೊಂದು ಒಂದೂಮುಕ್ಕಾಲು. ಬ್ಯಾಗಿನಲ್ಲಿ ಒಣ ಕೊಬ್ಬರಿ ಇಟ್ಟಿದ್ದರೆ ತೆರೆಸಿ ತೆಗೆಸುತ್ತಾರೆ, ಬೆಂಕಿ ಹಿಡಿಯುವ ಸಾಮಾನಿನ ಪಟ್ಟಿಯಲ್ಲಿ ಅದೂ ಉಂಟು. ಆಮೇಲೆ ಹಾರಾಟ, ಬ್ಯಾಗಿಗೆ ಅರ್ಧ ಗಂಟೆ, ವಾಯುವಜ್ರ ಬಸ್ ಹಿಡಿದು ಮೆಜೆಸ್ಟಿಕ್ಕಿಗೆ ಕಮ್ಮಿಯೆಂದರೂ ಒಂದೂಕಾಲು. ಒಟ್ಟು ಆರೂವರೆ ಗಂಟೆ ಆಯಿತಲ್ಲ? ಎಲ್ಲಿ ಹೋಯಿತು ಸ್ವಾಮಿ ನಿಮ್ಮ 23 ನಿಮಿಷ?

ಇದು ಬೇಸಿಗೆಯ ಲೆಕ್ಕ. ಮಳೆಗಾಲದಲ್ಲಿ ಮಂಗಳೂರು ಏರ್‌ಪೋರ್ಟ್ ಇರುವ ಕೆಂಜಾರು ಗುಡ್ಡದ ಮೇಲೆ ಮೋಡ ಕೂತರೆ ರನ್‌ವೇಯೇ ಕಾಣುವುದಿಲ್ಲ. ಗುಡ್ಡದ ತಲೆ ಕಡಿದು ಮಾಡಿದ ಟೇಬಲ್‌ಟಾಪ್, ಆಚೆಈಚೆ ಕಣಿವೆ, ಅಂದಾಜಿನಲ್ಲಿ ಇಳಿಸುವ ಜಾಗ ಅಲ್ಲ. ಪೈಲಟ್ ಒಮ್ಮೆ ಇಳಿಸಲು ನೋಡಿ ಮೇಲೆಬ್ಬಿಸುತ್ತಾರೆ, ಸ್ವಲ್ಪ ಹೊತ್ತು ಸುತ್ತುತ್ತಾರೆ, ಮತ್ತೂ ಕಾಣದಿದ್ದರೆ ಕೊಚ್ಚಿಗೋ ಕಣ್ಣೂರಿಗೋ ಬೆಂಗಳೂರಿಗೋ ತಿರುಗಿಸುತ್ತಾರೆ. ಅದರಲ್ಲಿ ಅವರ ತಪ್ಪಿಲ್ಲ, ಹಾಗೇ ಮಾಡಬೇಕು. ಆದರೆ ಬೆಂಗಳೂರಿಂದ ಹತ್ತಿದವರು ಎರಡು ಗಂಟೆ ಹಾರಿ ವಾಪಸ್ ಬೆಂಗಳೂರಲ್ಲೇ ಇಳಿದರೆ ದೂರ ಎಷ್ಟು ಅಂತ ಬರೀತೀರಿ, ಸೊನ್ನೆ ಕಿಲೋಮೀಟರಾ?