ಶಾರ್ಕ್ ಬಾಯಿಗೆ ಬೋರ್‌ವೆಲ್ ಪೈಪು

ಕೋಲಾರದವರಿಗೆ ನೀರೆಂದರೆ ನೆಲದಡಿ ಎಲ್ಲೋ ಅಡಗಿರುವ ವಸ್ತು. ಸಾವಿರ ಅಡಿ ಕೊರೆಸಿ, ತೆಂಗಿನಕಾಯಿ ಒಡೆದು, ಮೇಲೆ ಬರುವುದು ನೀರೋ ದೂಳೋ ಎಂದು ಕಾಯಬೇಕು. ಅಂಥವರನ್ನು ಮಗಳ ಬಾಣಂತನಕ್ಕೆಂದು ಮಯಾಮಿಗೆ ಕರೆಸಿಕೊಂಡ ಅಳಿಯ, ‘ಮಾವ, ಶನಿವಾರ ಶಾರ್ಕ್ ಸಂಶೋಧನೆ ದೋಣಿಗೆ ನಿಮ್ಮ ಹೆಸರೂ ಬರೆಸಿದ್ದೀನಿ’ ಅಂದರೆ ಮಾವನ ಬಾಯಲ್ಲಿ ಮೊದಲು ಬರುವ ಮಾತು ‘ಸೊರ ಮೀನಾ? ಪುಟ್ಟು ಮಾಡೋಕಾ?’ ಅಲ್ಲ ಮಾವ. ಹಿಡಿದು, ಅಳೆದು, ನಂಬರು ಹಾಕಿ ಬಿಟ್ಟುಬಿಡೋಕೆ.

ಹೆದರುವ ಕಾರಣವಿಲ್ಲ. ಮೂರು ಸಾವಿರ ಮೀಟರಿಗಿಂತ ಆಳದಲ್ಲಿ ಶಾರ್ಕ್ ಕಾಣುವುದೇ ಅಪರೂಪ. 2001ರಲ್ಲಿ ಮುಚ್ಚಿದ ಕೆಜಿಎಫ್ ಚಿನ್ನದ ಗಣಿಯಲ್ಲಿ ಚಾಂಪಿಯನ್ ರೀಫ್ ಎಂಬ ಭಾಗ ಅದಕ್ಕೂ ಕೆಳಗೆ ಇಳಿದಿತ್ತು. ಆಳದ ಲೆಕ್ಕದಲ್ಲಿ ನಾವೇ ಹಿರಿಯರು.

ಕಷ್ಟ ಕೊಡುವುದು ಹೊಟ್ಟೆ. ಕಿವಿಯೊಳಗಿನ ಸಮತೋಲದ ಅಂಗ ‘ಅಲ್ಲಾಡ್ತಾ ಇದೀವಿ’ ಅನ್ನುತ್ತದೆ, ದೋಣಿಯ ಕೋಣೆಯೊಳಗೆ ಕೂತ ಕಣ್ಣು ‘ಎಲ್ಲಿ, ಎಲ್ಲಾ ನೆಟ್ಟಗೇ ಇದೆಯಲ್ಲ’ ಅನ್ನುತ್ತದೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾದಂತೆ ಹೊಟ್ಟೆ ಬಡವಾಗುತ್ತದೆ. ಅದಕ್ಕೇ ಒಳಗೆ ಕೂರಬಾರದು, ಮೊಬೈಲು ನೋಡಬಾರದು. ಹೊರಗೆ ನಿಂತು, ಕಡಲು ಆಕಾಶ ಸೇರುವ ಗೆರೆಯ ಮೇಲೆ ಕಣ್ಣಿಡಬೇಕು. ವಾಂತಿಯ ಮಾತ್ರೆ ದೋಣಿ ಹೊರಡುವುದಕ್ಕೆ ಒಂದು ಗಂಟೆ ಮೊದಲೇ ಹೊಟ್ಟೆ ಸೇರಿರಬೇಕು; ಶುರುವಾದ ಮೇಲೆ ನುಂಗಿದರೆ ಅದೂ ಕಡಲ ಪಾಲು. ಹಸಿದ ಹೊಟ್ಟೆಯೂ ಬೇಡ, ಮುದ್ದೆ ಬಸ್ಸಾರಿನ ಹೊಟ್ಟೆಯೂ ಬೇಡ. ಎರಡು ನಿಪ್ಪಟ್ಟು ಸಾಕು. ಬಂದೇ ಬಂತು ಎಂದರೆ ಗಾಳಿ ಯಾವ ಕಡೆಗೆ ಹೋಗುತ್ತಿದೆ ನೋಡಿ ಆ ಕಡೆಯ ಅಂಚಿಗೆ ಓಡಿ. ಎದುರು ಅಂಚಿಗೆ ಹೋದವರ ವಾಂತಿ ಅವರ ಹಿಂದೆ ನಿಂತವರಿಗೆಲ್ಲ ಪ್ರಸಾದವಾಗುತ್ತದೆ.

ಬುತ್ತಿಯಲ್ಲಿ ಬಾಳೆಹಣ್ಣು ಇದ್ದರೆ ಮನೆಯಲ್ಲೇ ತೆಗೆದಿಡಿ. ಆ ಕಡೆಯ ಮೀನುಗಾರಿಕೆ ದೋಣಿಗಳಲ್ಲಿ ಬಾಳೆಹಣ್ಣು ಮಹಾ ಅಪಶಕುನ. ಬಾಳೆಹಣ್ಣಿಲ್ಲದೆ ಸೈಕಲ್ಲಿಗೂ ಆಯುಧಪೂಜೆ ಮಾಡದ ನಮಗೆ ಇದು ಅರಗದ ಮಾತು. ಆದರೆ ಒಂದು ಶಾರ್ಕೂ ಸಿಗದ ದಿನ ಎಲ್ಲರೂ ತಿರುಗಿ ನೋಡುವುದು ನಿಮ್ಮ ಕೈಚೀಲವನ್ನೇ.

ಶಾರ್ಕ್ ಹಿಡಿಯಲು ಬಲೆ ಇರುವುದಿಲ್ಲ. ತಳದಲ್ಲಿ ಭಾರದ ದಿಂಡು, ಅದರಿಂದ ಮೇಲಕ್ಕೆ ಹಗ್ಗ, ನೀರಿನ ಮೇಲೆ ತೇಲುವ ಬುರುಡೆ. ದಿಂಡಿಗೆ ತಿರುಗುವ ಕೊಂಡಿ, ಕೊಂಡಿಗೆ 23 ಮೀಟರ್ ಉದ್ದದ ದಪ್ಪ ನೈಲಾನ್ ದಾರ, ಅದರ ತುದಿಯಲ್ಲಿ ಮೀನಿನ ತುಂಡು ಚುಚ್ಚಿದ ದುಂಡು ಗಾಳ. ದುಂಡು ಯಾಕೆಂದರೆ ಅದು ಗಂಟಲಿಗೆ ಇಳಿಯದೆ ಬಾಯಿಯ ಮೂಲೆಗೆ ಸಿಕ್ಕಿಕೊಳ್ಳುತ್ತದೆ. ದಾರ ಅಷ್ಟುದ್ದ ಯಾಕೆಂದರೆ ಬಹಳ ಜಾತಿಯ ಶಾರ್ಕ್‌ಗಳು ಈಜುತ್ತಿದ್ದರೇ ಉಸಿರು. ಗಾಳಕ್ಕೆ ಸಿಕ್ಕರೂ ಗಾಣದ ಎತ್ತಿನಂತೆ ಸುತ್ತು ಹಾಕುತ್ತಿರಬೇಕು. ಇಂಥವು ಹತ್ತನ್ನು ಇಳಿಸಿ ಒಂದು ಗಂಟೆ ಕಾಯುವುದು. ಕೊಂಡಿಗೆ ತುಕ್ಕು ಹಿಡಿದು ತಿರುಗದಿದ್ದರೆ ದಾರ ಮುರಿ ಹಾಕಿಕೊಂಡು ಚಕ್ಕುಲಿಯಾಗುತ್ತದೆ. ದಾರ ಬಿಡುವಾಗ ಸುರುಳಿಯೊಳಗೆ ಕಾಲಿಟ್ಟು ನಿಂತವರು ದಿಂಡಿನ ಹಿಂದೆಯೇ ಹೋಗುವ ಸಂಭವವುಂಟು. ಹತ್ತರಲ್ಲಿ ಹತ್ತೂ ಖಾಲಿ ಬರುವುದುಂಟು. ಚಿಲ್ಲರೆ ಮೀನುಗಳು ತುಂಡನ್ನು ಚೂರು ಚೂರೇ ಕಿತ್ತು ತಿಂದು ಗಾಳವನ್ನು ತೊಳೆದಿಟ್ಟಿರುತ್ತವೆ.

ಶಾರ್ಕ್ ಸಿಕ್ಕಿತೋ, ಆಮೇಲೆ ಎಲ್ಲವೂ ಐದು ಹತ್ತು ನಿಮಿಷದ ಕೆಲಸ. ದೋಣಿಯ ಹಿಂದೆ ಅರ್ಧ ಮುಳುಗಿದ ಹಲಗೆಯ ಮೇಲೆ ಅದನ್ನು ತಂದು ನಿಲ್ಲಿಸುತ್ತಾರೆ. ಈಜು ನಿಂತಿತಲ್ಲ, ಉಸಿರು? ಪಂಪು ಹಚ್ಚಿ ಅದರ ಬಾಯಿಗೆ ಪೈಪು ಇಡುತ್ತಾರೆ. ಸಮುದ್ರದ ನೀರು ಬಾಯಿಂದ ಹೋಗಿ ಕಿವಿರಿನಿಂದ ಹೊರಬರಬೇಕು. ಕೋಲಾರದವರ ವಿದ್ಯೆ ಬೆಳಗುವುದು ಇಲ್ಲೇ. ಪಂಪು ಗಾಳಿ ಹಿಡಿದಿದೆಯೇ, ಪೈಪು ಎಲ್ಲಿ ಮಡಿಸಿಕೊಂಡಿದೆ ಎಂಬುದನ್ನು ಸದ್ದಿನಲ್ಲೇ ಹೇಳಬಲ್ಲವರು ಆ ದೋಣಿಯಲ್ಲಿ ಬೇರೆ ಯಾರಿದ್ದಾರೆ?

ಟೇಪು ಹಿಡಿಯುವ ಕೆಲಸ ಸಿಕ್ಕರೆ ಎಚ್ಚರ. ಮೂತಿಯಿಂದ ಬಾಲದ ಬುಡಕ್ಕೆ ಒಂದು ಅಳತೆ, ಬಾಲದ ಕವಲಿಗೆ ಇನ್ನೊಂದು, ಬಾಲದ ತುದಿಗೆ ಮತ್ತೊಂದು. ಬೆನ್ನಿನ ಉಬ್ಬಿನ ಮೇಲೆ ಟೇಪು ಹಾಯಿಸಿದರೆ ಶಾರ್ಕ್ ಪುಗಸಟ್ಟೆ ಬೆಳೆದುಬಿಡುತ್ತದೆ, ನೇರ ಹಿಡಿಯಬೇಕು. ಸೆಂಟಿಮೀಟರಿನ ಬದಲು ಇಂಚಿನ ಕಡೆ ಓದಿ ‘ಎಂಬತ್ತು’ ಎಂದು ಕೂಗಿದರೆ ಎರಡು ಮೀಟರ್ ಪ್ರಾಣಿ ಮರಿಯಾಗುತ್ತದೆ. ಅದಕ್ಕೇ ಬರೆದುಕೊಳ್ಳುವವರು ಪ್ರತಿ ಅಂಕಿಯನ್ನೂ ತಿರುಗಿ ಕೂಗುತ್ತಾರೆ. ಬರೆಯುವುದು ಪೆನ್ಸಿಲ್ಲಿನಲ್ಲಿ. ಬಾಲ್‌ಪೆನ್ನು ಒದ್ದೆ ಹಾಳೆಯ ಮೇಲೆ ಓಡದು. ಬೆನ್ನಿನ ರೆಕ್ಕೆಯ ಅಂಚಿನಿಂದ ಕತ್ತರಿಸಿದ ಚೂರನ್ನು ಹಾಕುವ ಸೀಸೆಯೊಳಗಿನ ಚೀಟಿಗೂ ಪೆನ್ಸಿಲ್ಲೇ, ಶಾಯಿಯಾದರೆ ಸ್ಪಿರಿಟ್ಟಿನಲ್ಲಿ ಕರಗಿ ಯಾವ ಶಾರ್ಕಿನ ಚೂರೋ ಯಾರಿಗೂ ತಿಳಿಯದು.

ಕಣ್ಣಿಗೆ ನೀರು ಚಿಮುಕಿಸುವ ಕೆಲಸವನ್ನು ಹೊಸಬರಿಗೆ ಕೊಡುವುದುಂಟು. ಅದು ಆಟವಲ್ಲ. ಹುಲಿ ಶಾರ್ಕ್‌ನಂಥವಕ್ಕೆ ಕಣ್ಣೊಳಗೆ ಇನ್ನೊಂದು ರೆಪ್ಪೆಯುಂಟು. ನೀರು ಬಿದ್ದೊಡನೆ ಅದು ಟಕ್ಕನೆ ಮುಚ್ಚಿದರೆ ಪ್ರಾಣಿ ಗಟ್ಟಿಯಾಗಿದೆ. ತಡವಾದರೆ ಸುಸ್ತಾಗಿದೆ, ಬೇಗ ಬಿಡಬೇಕು. ಸುತ್ತಿಗೆ ತಲೆಯ ಶಾರ್ಕಂತೂ ಬಲು ನಾಜೂಕು. ಆಕಾರ ನೋಡಿ ಮೋಸಹೋಗಬಾರದು, ಅಳತೆ ಅರ್ಧಕ್ಕೇ ನಿಂತರೂ ಅದನ್ನು ಮೊದಲು ಬಿಟ್ಟುಬಿಡುತ್ತಾರೆ.

ಮೈ ಸವರುವುದಾದರೆ ತಲೆಯಿಂದ ಬಾಲಕ್ಕೆ. ಚರ್ಮದ ತುಂಬ ಹಲ್ಲಿನಂಥ ಸಣ್ಣ ಮುಳ್ಳುಗಳು, ಎಲ್ಲವೂ ಹಿಂದಕ್ಕೆ ಬಾಗಿದವು. ಬಾಲದಿಂದ ತಲೆಗೆ ಕೈಯಾಡಿಸಿದರೆ ಬಡಗಿಯ ಉಪ್ಪುಕಾಗದ. ಚಡ್ಡಿ ಹಾಕಿಕೊಂಡು ಅದರ ಪಕ್ಕ ಮಂಡಿಯೂರಿದವರಿಗೆ ಮನೆಗೆ ಬಂದು ಸ್ನಾನಕ್ಕಿಳಿದಾಗ ಗೊತ್ತಾಗುತ್ತದೆ.

ಕೊನೆಗೆ ಬೆನ್ನಿನ ರೆಕ್ಕೆಯ ಬುಡದಲ್ಲಿ ನಂಬರಿನ ಟ್ಯಾಗು ಚುಚ್ಚಿ, ಒಮ್ಮೆ ಜಗ್ಗಿ ನೋಡಿ, ಗಾಳ ಬಿಡಿಸಿ, ಪೈಪು ತೆಗೆದರೆ ಶಾರ್ಕ್ ಹೊರಟೇಹೋಗುತ್ತದೆ. ಎಲ್ಲರೂ ಮೊಬೈಲು ಎತ್ತುವಷ್ಟರಲ್ಲಿ ಬಾಲವೂ ಇಲ್ಲ. ಫೋಟೋದಲ್ಲಿ ಉಳಿಯುವುದು ನೊರೆ ಮತ್ತು ಯಾರದೋ ಹೆಬ್ಬೆರಳು.

ಗಾಳದ ಮೀನಿನ ನಾತ ಸೋಪಿಗೆ ಜಗ್ಗುವುದಿಲ್ಲ. ಅದಕ್ಕೆ ಹುಳಿಯೇ ಮದ್ದು. ಮೊಮ್ಮಗುವನ್ನು ಮುಟ್ಟುವ ಮೊದಲು, ಸಾರಿಗೆಂದು ಊರಿಂದ ಸೂಟ್‌ಕೇಸಿನಲ್ಲಿ ತಂದ ಹುಣಸೆಹಣ್ಣಿನಲ್ಲಿ ನಿಂಬೆಗಾತ್ರದ್ದನ್ನು ಮುರಿದು ಎರಡೂ ಕೈಗೆ ತಿಕ್ಕಿ. ಬಾಣಂತಿಯ ಸಾರಿಗೆ ಅಷ್ಟು ಕಡಿಮೆಯಾದದ್ದನ್ನು ಅತ್ತೆಗೆ ಅಳಿಯನೇ ವಿವರಿಸಲಿ.